ಫಿಲೊಮೆನಕ್ಕನ ಬೆನ್ನ ಹಿಂದೆ

ಮೊಂತೆಸ್ಪಿನೊ ಊರಿನ ಕ್ಷೌರಿಕ ಜೆರಾರ್ದೊ ತನ್ನ ಅಂಗಡಿಯಲ್ಲಿ ನಿಂತು ಗೆಲ್ಲದ ಯುದ್ಧವಿರಲಿಲ್ಲ. ಆಫ್ರಿಕದ ಮರಳಿನಲ್ಲಿ ಟ್ಯಾಂಕಿಗೆ ಎದೆಯೊಡ್ಡಿದ್ದ, ಕಾಡಿನಲ್ಲಿ ತೋಳವನ್ನು ಬರಿಗೈಯಲ್ಲಿ ಅಟ್ಟಿದ್ದ. ಮುಖದ ತುಂಬ ನೊರೆ, ಗಂಟಲಿನ ಮೇಲೆ ಕತ್ತಿ ಇರುವಾಗ ಯಾವ ಗಿರಾಕಿ ತಾನೆ ಸುಳ್ಳು ಅಂದಾನು? ನಿಜವಾಗಿ ಯುದ್ಧದ ಕಾಲದಲ್ಲಿ ಅವನು ಬಾರಿ ಪಟ್ಟಣದ ದಂಡಿನಲ್ಲಿ ಸಿಪಾಯಿಗಳ ತಲೆ ಬೋಳಿಸುತ್ತಿದ್ದ. ಶತ್ರುವಿನ ಕಡೆಯವರೆಂದು ಅವನು ಕಂಡದ್ದು ಹೇನುಗಳನ್ನು ಮಾತ್ರ.

ಇಂಥ ಮಹಾವೀರ ಒಂದು ಮಂಗಳವಾರ ಕತ್ತಿಗಳಿಗೆ ಸಾಣೆ ಹಿಡಿಸಲು ಪೇಟೆಯ ರೈಲು ಹತ್ತಿದ. ನಮ್ಮದು ಒಂಟಿ ಹಳಿ, ಒಂಟಿ ಬೋಗಿಯ ರೈಲು. ಡ್ರೈವರನ ಬೆನ್ನ ಹಿಂದೆಯೇ ಜನ. ಆ ಕಡೆಯದು ಕಾಯುತ್ತದೆಂದು ಈ ಸ್ಟೇಷನ್ ಮಾಸ್ತರ ಅಂದುಕೊಂಡ, ಈ ಕಡೆಯದು ಕಾಯುತ್ತದೆಂದು ಆ ಮಾಸ್ತರ ಅಂದುಕೊಂಡ. ಚೆಸ್ಟ್‌ನಟ್ ತೋಪಿನ ತಿರುವಿನಲ್ಲಿ ಎರಡೂ ರೈಲು ಮುಖಾಮುಖಿಯಾದವು. ಡ್ರೈವರುಗಳಿಬ್ಬರೂ ಬ್ರೇಕಿನ ಮೇಲೆ ಬಿದ್ದು ಅವರವರ ತಾಯಂದಿರನ್ನು ಕರೆದರು.

ಹಾಲಿನ ವ್ಯಾಪಾರದ ವಿಧವೆ ಫಿಲೊಮೆನಾ, ರಿಕೊತ್ತಾ ಎಂಬ ಮೆತ್ತನೆಯ ಗಿಣ್ಣಿನ ಬುಟ್ಟಿ ಹಿಡಿದು ಎದ್ದು ನಿಂತು, ಎದುರು ಬರುವ ರೈಲನ್ನೇ ನೋಡುತ್ತ ಶಿಲುಬೆಯ ಗುರುತು ಮಾಡಿಕೊಂಡಳು. ಉಳಿದವರೆಲ್ಲ ಕಣ್ಣು ಮುಚ್ಚಿದ್ದರು. ಆ ಕ್ಷಣ ನಮ್ಮ ವೀರ ಸೀಟಿನಿಂದ ಚಿಮ್ಮಿದ. ಬೋಗಿಯಲ್ಲಿ ಅವಳಷ್ಟು ಗಟ್ಟಿಯಾದ ಕೋಟೆ ಬೇರೆ ಇರಲಿಲ್ಲ. ಬೆನ್ನ ಹಿಂದೆ ಹೋಗಿ, ಅವಳ ಸೊಂಟ ತಬ್ಬಿ, ತಲೆ ತಗ್ಗಿಸಿ ಕುಳಿತ.

ಯಾರೂ ಸಾಯಲಿಲ್ಲ. ರೈಲುಗಳು ಗುದ್ದಿದ ರಭಸಕ್ಕೆ ಹಲ್ಲುಗಳು ಉದುರಿದವು, ಬುಟ್ಟಿಗಳಲ್ಲಿದ್ದ ಮೊಟ್ಟೆಗಳು ನಿರ್ನಾಮವಾದವು. ಫಿಲೊಮೆನಾಳ ಮೂಗು ಮುರಿಯಿತು, ತೋಳಿನ ಕೀಲು ತಪ್ಪಿತು. ಜೆರಾರ್ದೊಗೆ ಮೀಸೆಯ ತುಂಬ ಗಿಣ್ಣು ಮೆತ್ತಿಕೊಂಡದ್ದು ಬಿಟ್ಟರೆ ಏನೂ ಆಗಲಿಲ್ಲ.

ಆಸ್ಪತ್ರೆಯ ಮಂಚದ ಮೇಲಿಂದ ಅವಳು ಊರಿಗೆಲ್ಲ ಸಾರಿದಳು: "ನಾನು ಮಂಕು ಹಿಡ್ದವಳ ಹಂಗೆ ನಿಂತಿದ್ದೆ. ಪುಣ್ಯಾತ್ಮ ಎದ್ದು ಬಂದು ಗಟ್ಟಿಯಾಗಿ ಹಿಡ್ಕೊಂಡ. ಇಲ್ದಿದ್ರೆ ಗಾಜು ಒಡ್ಕೊಂಡು ಆಚೆ ಹಾರಿಹೋಗ್ತಿದ್ದೆ!"

ಜೆರಾರ್ದೊ ಬೇಡವೆನ್ನಲಿಲ್ಲ. ಹದಿನೈದು ದಿನ ಅಂಗಡಿಯಲ್ಲಿ ಗಡ್ಡಕ್ಕಿಂತ ಪರಾಕ್ರಮವೇ ಹೆಚ್ಚು ಹೊರಬಿತ್ತು. ಆಮೇಲೆ ಬಂತು ಹರಕೆಯ ಹಲಗೆ.

ಗುಡ್ಡದ ಮರಿಯಮ್ಮನ ಇಗರ್ಜಿಯ ಗೋಡೆ ತುಂಬ ಇಂಥ ಹಲಗೆಗಳೇ. ಆಲಿವ್ ಮರದಿಂದ ಬಿದ್ದು ಬದುಕಿದವನು, ಹೇಸರಗತ್ತೆ ಒದ್ದರೂ ಬದುಕಿದವನು, ಎಲ್ಲರೂ ತಮಗಾದದ್ದನ್ನು ಬಣ್ಣದಲ್ಲಿ ಬರೆಸಿ ತೂಗುಹಾಕುತ್ತಾರೆ. ಮೂಲೆಯ ಮೋಡದಿಂದ ಮರಿಯಮ್ಮ ನೋಡುತ್ತಿರುತ್ತಾಳೆ. ಫಿಲೊಮೆನಾ ಚಿತ್ರಗಾರ ಕತಾಲ್ದೊನಿಗೆ ಹೇಳಿ ಒಂದನ್ನು ಶುರುಮಾಡಿಸಿದಳು.

ಮುಖ ಬರೆಸಿಕೊಳ್ಳಲು ಹೋದ ಜೆರಾರ್ದೊ ಹಲಗೆ ನೋಡಿ ಬೆವತುಹೋದ. ಅದರಲ್ಲಿ ಅವನು ಫಿಲೊಮೆನಾಳ ಮುಂದೆ ನಿಂತು, ಬರುವ ರೈಲಿನ ಹಣೆಗೆ ಅಂಗೈ ಕೊಟ್ಟು, ಹೋರಿ ತಡೆದಂತೆ ತಡೆದಿದ್ದ.

"ನನ್ನ ಮುಖಾನ ಆ ಕಡೆ ತಿರುಗಿಸಕ್ಕಾಗಲ್ವೇನೋ?"

"ಮುಖ ಇಲ್ದೆ ಎಂಥ ವೀರ ಜೆರಾರ್ದಣ್ಣ?"

"ಸರಿ, ಅಮ್ಮನವರ ಕಣ್ಣನ್ನಾದ್ರೂ ಬೇರೆ ಕಡೆ ತಿರುಗಿಸು. ಆಕೆಗೆ ಬೇರೆ ಕೆಲಸ ಇರಲ್ವಾ?"

"ಚೆನ್ನಾಗಿದೆ ಮಾತು! ಅಮ್ಮ ನಿನ್ನನ್ನೇ ನೋಡ್ಬೇಕು ಅಂತ ಫಿಲೊಮೆನಕ್ಕ ಎರಡು ಸಲ ಹೇಳವ್ಳೆ."

ಗಿರಾಕಿಗಳಿಗೆ ಸುಳ್ಳು ಹೇಳುವುದು ಕಸುಬಿನ ಭಾಗ. ಆದರೆ ಆ ಗೋಡೆಯ ಮೇಲೆ, ಒದೆ ತಿಂದ ಬಡಪಾಯಿಗಳ ನಡುವೆ, ತಾನು ಸತ್ತ ಮೇಲೂ ರೈಲು ತಡೆಯುತ್ತ ನಿಂತಿರುವುದೇ? ಮೋಡದಲ್ಲಿದ್ದಾಕೆ ಅವತ್ತು ನಿಜವಾಗಿ ನೋಡಿದ್ದಳಲ್ಲ! ಅವನು ನೇರ ಫಿಲೊಮೆನಾಳ ಮನೆಗೆ ನಡೆದ.

ಅವಳು ಒಂದೇ ಕೈಯಲ್ಲಿ ಹಾಲು ಕದಡುತ್ತಿದ್ದಳು.

"ಫಿಲೊಮೆನಕ್ಕ, ಆ ಚಿತ್ರ ಬೇಡ."

"ಯಾಕಯ್ಯಾ, ಮೀಸೆ ಚಿಕ್ಕದಾಯ್ತಾ?"

"ನಾನು ನಿನ್ನ ಕಾಪಾಡ್ಲಿಲ್ಲ. ನಿನ್ನ ಹಿಂದೆ ಅಡಗ್ಕೊಂಡೆ. ನೀನು... ದಪ್ಪ ಇದ್ದೀಯ ಅಂತ."

ಸೌಟು ನಿಂತಿತು. ಅವಳು ಬೈಯುತ್ತಾಳೆ, ಸೌಟು ಬೀಸುತ್ತಾಳೆ ಎಂದು ಜೆರಾರ್ದೊ ಕಾದ. ಹಾಗಾಗಿದ್ದರೆ ಎಷ್ಟೋ ವಾಸಿಯಿತ್ತು.

"ಗಂಡ ಹೋದ್ಮೇಲೆ ನನಗೋಸ್ಕರ ಒಬ್ಬ ಗಂಡಸೂ ಕೂತಲ್ಲಿಂದ ಎದ್ದಿದ್ದಿಲ್ಲ ಕಣಯ್ಯ," ಅಂದಳು ಹಾಲನ್ನೇ ನೋಡುತ್ತ. "ಅವತ್ತು ನೀನೊಬ್ಬ ಎದ್ದೆ ಅಂದ್ಕೊಂಡಿದ್ದೆ. ನಾಚಿಕೆ ಬಿಟ್ಟು ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ."

ಮೂರನೆಯ ರೈಲೊಂದು ಬಂದು ತನಗೊಬ್ಬನಿಗೇ ಗುದ್ದಬಾರದೆ ಎನ್ನಿಸಿತು ಅವನಿಗೆ.

"ಹೋಗು," ಎಂದಳು. "ಇದ್ದದ್ದು ಇದ್ದ ಹಾಗೆ ಬರಿ ಅಂತ ಕತಾಲ್ದೊಗೆ ನೀನೇ ಹೇಳು. ನಿನ್ನ ಬಾಯಿಂದ್ಲೇ."

ಹೇಳಿದ. ಕತಾಲ್ದೊ ಹೊಟ್ಟೆ ಹಿಡಿದುಕೊಂಡು ನಕ್ಕು, ಮತ್ತೆ ಬರೆದ. ಈಗ ಇಗರ್ಜಿಯಲ್ಲಿ ಫಿಲೊಮೆನಾ ಬೆಟ್ಟದಂತೆ ನಿಂತಿದ್ದಾಳೆ, ಅವಳ ಸೊಂಟದ ಸುತ್ತ ಎರಡು ಕೈ, ಬದಿಯಲ್ಲಿ ಅರ್ಧ ಮೀಸೆ. ಮೀಸೆಯನ್ನು ಕತಾಲ್ದೊ ಕೂದಲು ಕೂದಲಾಗಿ ತಿದ್ದಿದ್ದಾನೆ. ಸುತ್ತ ಏಳು ಹಳ್ಳಿಯಲ್ಲಿ ಅದು ಯಾರದೆಂದು ಕೇಳಬೇಕಾಗಿಲ್ಲ. ಮರಿಯಮ್ಮನ ಕಣ್ಣು ಫಿಲೊಮೆನಾಳ ಮೇಲಿದೆ.

ಅಂಗಡಿಯಲ್ಲಿ ಈಗ ಕತ್ತಿಯ ಸದ್ದು ಮಾತ್ರ. "ಆ ತೋಳದ ಕತೆ ಹೇಳಣ್ಣ, ಅವತ್ತು ಯಾರ ಬೆನ್ನ ಹಿಂದೆ ಇದ್ದೆ?" ಎಂದು ಯಾರಾದರೂ ಕೆಣಕಿದರೆ ಅವನು ನೊರೆಯನ್ನು ಕೆಣಕಿದವನ ಕಿವಿಯವರೆಗೂ ಬಳಿಯುತ್ತಾನೆ.

ವಸಂತದಲ್ಲಿ ಮತ್ತೆ ಕತ್ತಿಗಳು ಮೊಂಡಾದವು. ಸಾಣೆಗೆಂದು ಅವನು ಹತ್ತಿದ ರೈಲಿನಲ್ಲಿ ಜನ ತುಂಬಿದ್ದರು. ಇನ್ನೇನು ಹೊರಡಬೇಕು ಅನ್ನುವಾಗ ಬುಟ್ಟಿಯೊಂದಿಗೆ ಫಿಲೊಮೆನಾ ಹತ್ತಿದಳು, ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. ಜೆರಾರ್ದೊ ತಟ್ಟನೆ ಎದ್ದ.

ಅವಳು ಸೀಟು ನೋಡಿದಳು, ಅವನನ್ನು ನೋಡಿದಳು.

"ಎದ್ದೆಯಲ್ಲ, ಸಾಕು," ಎನ್ನುತ್ತ ಕುಳಿತು ಬುಟ್ಟಿ ತೊಡೆಯ ಮೇಲಿಟ್ಟುಕೊಂಡಳು. "ನಿಲ್ಲೋದಾದ್ರೆ ಮುಂದೆ ನಿಂತ್ಕೊ. ಹಿಂದೆ ಬೇಡ."

ಅವನು ಅವಳ ಮುಂದೆ, ಡ್ರೈವರನ ಗಾಜಿಗೆ ಮುಖಮಾಡಿ ನಿಂತ. ಚೆಸ್ಟ್‌ನಟ್ ತೋಪಿನ ತಿರುವು ಬಂದಾಗ ಮೇಲಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ತಾಯಿಯನ್ನು ಕರೆದ. ಆದರೂ ಪೇಟೆ ಬರುವವರೆಗೆ ಜಾಗ ಬಿಟ್ಟು ಕದಲಲಿಲ್ಲ.