ಬೆಂಕಿ ನೀರು ಬಂದ್

ಪುಟ್ಟಗಂಗಮ್ಮನನ್ನ ತುಮಕೂರಿನ ಶಿಬಿರಕ್ಕೆ ಆರಿಸಿ ಕಳಿಸಿದ್ದೇ ಅವಳು ಬಾಯಿ ಬಿಡೋಳಲ್ಲ ಅಂತ. ಎಪ್ಪತ್ತೊಂಬತ್ತನೇ ಇಸವಿ. ಹೆಂಗಸರಿಗೆ ಜಗಳ ಬಗೆಹರಿಸೋದು ಕಲಿಸ್ತಾರಂತೆ, ಹಳ್ಳಿಗೊಬ್ಬಳನ್ನ ಕಳಿಸಿ ಅಂತ ಗುಬ್ಬಿಯಿಂದ ಹೇಳಿಕೆ ಬಂತು. ಊರ ಯಜಮಾನ ಶಿವರಾಮಯ್ಯ ಅರಳಿಕಟ್ಟೆ ಮೇಲೆ ಕೂತು, "ಯಲ್ಲಯ್ಯನ ಹೆಂಡ್ರು ಹೋಗ್ಲಿ ಬುಡು. ಕಲ್ಲಿಗಾದ್ರೂ ಮಾತು ಬಂದೀತು, ಆಯಮ್ಮಂಗೆ ಬರಲ್ಲ" ಅಂತ ನಕ್ಕ. ಹಾಗಲವಾಡಿ ಕಡೆಯ ಆ ಸಣ್ಣ ಹಳ್ಳಿಯಲ್ಲಿ ಶಿವರಾಮಯ್ಯ ನಕ್ಕರೆ ಉಳಿದವರೂ ನಗಬೇಕು. ಹೆಂಡತಿಯನ್ನ ಆಡಿಕೊಂಡಿದ್ದಕ್ಕೆ ಯಲ್ಲಯ್ಯನೂ ಹಲ್ಲು ಕಿರಿದ. ಅಂಥ ಗಂಡಸು ಅವನು.

ಶಿಬಿರ ನಡೆದಿದ್ದು ಶಿರಾ ಗೇಟ್ ಹತ್ತಿರದ ಒಂದು ಹಳೇ ಛತ್ರದಲ್ಲಿ. ಪಾಠ ಹೇಳಿದ ಫಾತಿಮುನ್ನೀಸಾ ಸ್ಕೂಲು ಮೇಡಂ, ಪೇಟೆಯ ಬಳೆ ಅಂಗಡಿಯವರ ಮಗಳು. ಮೆತ್ತಗೆ ಮಾತಾಡೋ ಹೆಂಗಸಲ್ಲ. "ನ್ಯಾಯ ಹೇಳೋನು ಕಟ್ಟೆ ಮೇಲೆ, ನೊಂದೋಳು ಧೂಳಲ್ಲಿ. ಇದಕ್ಕೆ ರಾಜಿ ಅಂತೀರೇನು? ಮೊದಲು ಎಲ್ಲರನ್ನೂ ಒಂದೇ ಸಮಕ್ಕೆ ಕೂರಿಸಿ, ಆಮೇಲೆ ಬಾಯಿ ತೆಗೀರಿ" ಅಂದಳು. ನಮ್ಮೂರಲ್ಲಿ ಇದೆಲ್ಲ ನಡೆಯಲ್ಲ ಅಂತ ಪುಟ್ಟಗಂಗಮ್ಮ ಗೊಣಗಿದಾಗ, "ಅಪ್ಪಣೆ ಯಾರದ್ದಾದ್ರೂ ಆಗ್ಲಿ, ಕೈ ಯಾರದು ನೋಡ್ಕೊಳ್ಳಿ" ಅಂದಳು. ಪುಟ್ಟಗಂಗಮ್ಮನಿಗೆ ಆಗ ಅದು ಅರ್ಥವಾಗಲಿಲ್ಲ.

ಊರಿಗೆ ಬಂದರೆ ಹನುಮಮ್ಮನ ಮನೆಗೆ ಬೆಂಕಿ ನೀರು ಬಂದ್ ಆಗಿತ್ತು. ಹನುಮಮ್ಮನ ಎಮ್ಮೆ ಶಿವರಾಮಯ್ಯನ ರಾಗಿ ಹೊಲಕ್ಕೆ ನುಗ್ಗಿತ್ತು. ಅವನು ಅದರ ಕಾಲು ಮುರಿದಿದ್ದ. ಅವಳು ನಡುಬೀದಿಯಲ್ಲಿ ನಿಂತು ನಿನ್ನ ಕೈ ಸೇದೋಗ ಅಂತ ಶಾಪ ಹಾಕಿದ್ದಳು. ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು ಅಂದರು ಪಂಚಾಯ್ತಿಯವರು. "ಎಮ್ಮೆ ಕಾಲು ಮುರಿದೋನ ಕಾಲಿಗೆ ನಾನ್ಯಾಕೆ ಬೀಳ್ಲಿ?" ಅಂದುಬಿಟ್ಟಳು ಹನುಮಮ್ಮ. ಅಲ್ಲಿಗೆ ಯಾರೂ ಅವಳಿಗೆ ಕೆಂಡ ಕೊಡಕೂಡದು, ಬಾವಿ ನೀರು ಕೊಡಕೂಡದು, ಹೊಸ್ತಿಲು ತುಳಿಯಕೂಡದು. ಕೊಟ್ಟವರ ಮನೆಗೂ ಅದೇ ಗತಿ. ಆ ಮನೆಯಲ್ಲಿ ತುಂಬು ಬಸುರಿ ಸೊಸೆ ಇದ್ದಳು, ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು ಪಾಪಿಗಳು.

ಒಂದು ಮಧ್ಯಾಹ್ನ ಆ ಹುಡುಗಿಗೆ ನೋವು ಶುರುವಾಯಿತು. ಊರಿಗೆಲ್ಲ ಹೆರಿಗೆ ಮಾಡಿಸುತ್ತಿದ್ದವಳು ಪುಟ್ಟಗಂಗಮ್ಮನ ಅತ್ತೆ ನರಸಿಂಹಮ್ಮ. ಅವಳು ಜಗಲಿ ಮೇಲೆ ಹೊಗೆಸೊಪ್ಪು ತಿಕ್ಕುತ್ತಾ ಕೂತಿದ್ದಳು. "ನಾ ಹೋದ್ರೆ ನಮ್ಮನೆಗೂ ಬಂದ್ ಕಣೇ" ಅಂದಳು. ಯಲ್ಲಯ್ಯ, "ಯಾರಾದ್ರೂ ಹೊಸ್ಲು ದಾಟಿದ್ರೆ ಸಿಗಿದಾಕ್ತೀನಿ" ಅಂದ. ಹುಡುಗಿಯ ಕೂಗು ಜಗಲಿವರೆಗೂ ಕೇಳುತ್ತಿತ್ತು.

ಪುಟ್ಟಗಂಗಮ್ಮ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದಳು. ಅಲ್ಲಿ ಹೆಂಗಸರೆಲ್ಲ ಇದ್ದರು, ಹಗ್ಗ ಎಳೀತಿದ್ದದ್ದೆಲ್ಲ ಅವರ ಕೈಗಳೇ. "ಬಂದ್ ಮಾಡಿದೋರಲ್ಲಿ ಒಬ್ಬನಾದ್ರೂ ಒಂದು ಕೊಡ ನೀರು ಸೇದವ್ನಾ? ಒಬ್ಬಳು ಕೊಟ್ರೆ ಒಂದು ಮನೆ ಬಂದ್. ಎಲ್ಲಾರೂ ಕೊಟ್ರೆ ಯಾರು ಯಾರಿಗೆ ಬಂದ್ ಮಾಡ್ತಾರೆ?" ಅಂದಳು. ಮೊದಲು ಕೊಡ ಎತ್ತಿದವಳು ಶಿವರಾಮಯ್ಯನ ಸ್ವಂತ ಸೊಸೆ. "ನಂಗೂ ಬರೋ ತಿಂಗಳೇ" ಅಂದಳು, ಅಷ್ಟೇ. ಅವಳ ಹಿಂದೆ ಉಳಿದವರೂ ಹೊರಟರು. ಬಿಂದಿಗೆಗಳ ಸಾಲು ಹನುಮಮ್ಮನ ಬಾಗಿಲಿಗೆ ಹೋದದ್ದು ಕಂಡು ನರಸಿಂಹಮ್ಮ ಹೊಗೆಸೊಪ್ಪು ಉಗಿದು, ಮಗನನ್ನ ಪಕ್ಕಕ್ಕೆ ನೂಕಿ, ಸೆರಗು ಸಿಕ್ಕಿಸಿ ನಡೆದಳು. ದೀಪ ಹಚ್ಚೋ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು.

ಬೆಳಗ್ಗೆ ಕಟ್ಟೆಗೆ ಕರೆ ಬಂತು. ಪುಟ್ಟಗಂಗಮ್ಮ ಹನುಮಮ್ಮನನ್ನೂ ಕರಕೊಂಡೇ ಹೋದಳು, ಹೆಂಗಸರೂ ಬಂದರು. ಅವಳು ನೆಲದ ಮೇಲೆ ಚಾಪೆ ಹಾಸಿದಳು. "ಇಳಿದು ಬನ್ನಿ ಯಜಮಾನ್ರೇ. ನೀವೂ ಕೂತ್ಕಳಿ, ಹನುಮಮ್ಮನೂ ಕೂತ್ಕಳ್ಳಿ. ಶಾಪದ ಮಾತೂ ಆಗ್ಲಿ, ಎಮ್ಮೆ ಮಾತೂ ಆಗ್ಲಿ" ಅಂದಳು. ಶಿವರಾಮಯ್ಯನ ಮುಖ ಕಪ್ಪಿಟ್ಟಿತು. ಗುಂಪಿನಲ್ಲಿ ನಿಂತ ಸೊಸೆಯನ್ನ ನೋಡಿದ, ಅವಳ ಹೊಟ್ಟೆ ನೋಡಿದ. ಆಮೇಲೆ ಮೆಲ್ಲಗೆ ಒಂದು ಕಾಲು ಕಟ್ಟೆಯಿಂದ ಕೆಳಗೆ ಇಟ್ಟ.

ಅಷ್ಟರಲ್ಲಿ ಯಲ್ಲಯ್ಯ ಜನರನ್ನ ತಳ್ಳಿಕೊಂಡು ಬಂದವನೇ ಆ ಕಾಲಿಗೇ ದಬಕ್ಕನೆ ಬಿದ್ದ. "ತಪ್ಪಾಯ್ತು ಯಜಮಾನ್ರೇ. ಹೆಂಗಸು, ಬುದ್ಧಿ ಇಲ್ಲ. ಹೊಟ್ಟೆಗೆ ಹಾಕ್ಕಳಿ" ಅಂದ.

ಶಿವರಾಮಯ್ಯ ಕಾಲು ಮೇಲೆ ಎಳಕೊಂಡ. "ಹೋಗ್ಲಿ ಏಳ್ಲಾ. ಕ್ಷಮಿಸಿದೀನಿ" ಅಂದ. ಬಂದ್ ತೆಗೆದರು, ಅವನ ದೊಡ್ಡ ಮನಸ್ಸು ಅಂತ ಊರೆಲ್ಲ ಹೊಗಳಿತು. ಎಮ್ಮೆ ಮಾತು ಯಾರೂ ಎತ್ತಲಿಲ್ಲ. ಪುಟ್ಟಗಂಗಮ್ಮ ಒಬ್ಬಳೇ ಚಾಪೆ ಸುತ್ತಿದಳು.

ಆಮೇಲೆ ಫಾತಿಮುನ್ನೀಸಾ ಜೊತೆ ಸೇರಿ ಗುಬ್ಬಿ, ಕುಣಿಗಲ್, ಯಡಿಯೂರು ಸುತ್ತಿ ವರ್ಷಗಟ್ಟಲೆ ಹೆಂಗಸರಿಗೆ ಪಂಚಾಯ್ತಿ ಮಾಡೋದು ಕಲಿಸಿದಳು. ದಾಯಾದಿಗಳನ್ನ ಒಂದು ಮಾಡಿದಳು, ಮುರಿದ ಮನೆಗಳನ್ನ ಕೂಡಿಸಿದಳು. ಯಲ್ಲಯ್ಯನಿಗೆ ಮಾತ್ರ ಮುದ್ದೆ ಇಟ್ಟಳು, ಮಾತು ಇಡಲಿಲ್ಲ. ಎಂಬತ್ತೆಂಟನೇ ಇಸವಿಯಲ್ಲಿ ಅವನು ಲಕ್ವ ಹೊಡೆದು ಮಲಗಿದಾಗ ಅವಳ ಸೆರಗು ಹಿಡಕೊಂಡು ಅತ್ತ.

"ನಿನ್ನ ಉಳಿಸ್ಕಳಕ್ಕೇ ಅವತ್ತು ಯಜಮಾನ್ರ ಕಾಲಿಗೆ ಬಿದ್ದೆ ಕಣೇ. ಇನ್ನಾದ್ರೂ ಸಿಟ್ಟು ಬುಟ್ಬುಡು" ಅಂದ.

"ಅವನು ಕಟ್ಟೆ ಇಳೀತಿದ್ದ" ಅಂದಳು ಪುಟ್ಟಗಂಗಮ್ಮ. "ನೀನು ಹತ್ತಿಸ್ದೆ."

ಸೆರಗು ಬಿಡಿಸಿಕೊಂಡು, ಅವನ ಬಾಯಿ ಒರೆಸಿ, ಕುಣಿಗಲ್ ಬಸ್ಸಿಗೆ ಹೊತ್ತಾಯ್ತು ಅಂತ ಹೊರಟಳು.