ತಗಡು ಹೊಡೆದ ಕಿರಾಲುಬೋಗಿಗಳು

೧೯೮೩ರಲ್ಲಿ ಕಡಬದ ಸಮೀಪದ ಹಳ್ಳಿಯಿಂದ ಕೊಣಾಜೆಗೆ ಎಂ.ಎಸ್ಸಿ. ಓದಲು ಹೋದ ಹರಿಣಾಕ್ಷಿಯವರು ಪ್ರಬಂಧಕ್ಕೆ ಆರಿಸಿಕೊಂಡದ್ದು ತಮ್ಮ ಮನೆಯ ಮೇಲಿನ ಗುಡ್ಡವನ್ನೇ. ಪಟ್ಟಾ ಭೂಮಿಗೆ ತಾಗಿಕೊಂಡಿದ್ದ ಆ ಸರಕಾರಿ ಕುಮ್ಕಿಯಿಂದ ಹೆಂಗಸರು ದನದ ಹಟ್ಟಿಗೆ ಹಾಸಲು ಸೊಪ್ಪು ತರುತ್ತಿದ್ದರು. ಜೀವವೈವಿಧ್ಯವೆಂಬ ಮಾತು ಆಗಿನ್ನೂ ಪಾಠಕ್ಕೆ ಬಂದಿರಲಿಲ್ಲ. ಪ್ರಶ್ನೆ ಮಾತ್ರ ಇತ್ತು: ವರ್ಷವರ್ಷವೂ ಸೊಪ್ಪಿಗಾಗಿ ಗೆಲ್ಲು ಕಡಿಸಿಕೊಳ್ಳುವ ಕಿರಾಲುಬೋಗಿ ಮರ ಹೂಬಿಟ್ಟು ಬೀಜ ಕೊಡುವುದೇ, ಅಥವಾ ಕ್ರಮೇಣ ಆ ಜಾತಿಯೇ ಗುಡ್ಡದಿಂದ ಅಳಿದುಹೋಗುವುದೇ?

ಎಣ್ಣೆಡಬ್ಬದ ತಗಡು ಕತ್ತರಿಸಿ, ಸಂಖ್ಯೆ ಬರೆದು, ಅರುವತ್ತು ಮರಗಳಿಗೆ ಮೊಳೆ ಹೊಡೆದರು.

"ಅಕ್ಕು, ನಿನ್ನ ಮಗಳು ಮರಗಳಿಗೂ ಹಾಜರಿ ಕರೆಯುದಂತೆ," ಎಂದು ನೆರೆಯ ದುಗ್ಗಮ್ಮ ತಾಯಿಯನ್ನು ಕೆಣಕಿದರು.

"ಕರೆಯಲಿ ಮಾರಾಯ್ತಿ. ತಪ್ಪಿಸಿಕೊಂಡು ಓಡುವ ಅಭ್ಯಾಸ ಅವಕ್ಕಿಲ್ಲ."

ಹಾಸ್ಟೆಲಿನಲ್ಲಿ ಸೊಪ್ಪು, ಹಟ್ಟಿ ಎಂದರೆ ಉಳಿದವರು ನಗುತ್ತಿದ್ದರು. ಊರಿಗೆ ಬಂದರೆ, ಅಳತೆಯ ಟೇಪು ಹಿಡಿದವಳೊಡನೆ ಹೆಂಗಸರು ಮೊದಲಿನಂತೆ ಹರಟುತ್ತಿರಲಿಲ್ಲ. ಹರಿಣಾಕ್ಷಿ ಕಂಡೊಡನೆ ಮಾತು ನಿಲ್ಲುತ್ತಿತ್ತು.

ವರ್ಷ ಕಳೆದಾಗ ಅರುವತ್ತರಲ್ಲಿ ಬಹುಪಾಲು ಮರಗಳು ಹೂಬಿಟ್ಟಿದ್ದವು. ಒಂದನ್ನೂ ಕತ್ತಿ ಮುಟ್ಟಿರಲಿಲ್ಲ. ಸುತ್ತಲಿನವೆಲ್ಲ ಬೋಳಾಗಿದ್ದವು. ಆ ದಿನ ಅಕ್ಕು ಸೊಪ್ಪಿನ ಹೊರೆ ಹೊತ್ತು, ಆಚೆ ಗುಡ್ಡದಿಂದ ಮನೆ ಸೇರುವಾಗ ಮಧ್ಯಾಹ್ನ ದಾಟಿತ್ತು.

"ಇಷ್ಟು ದೂರ ಎಂತಕ್ಕೆ ಹೋದದ್ದಮ್ಮ?"

"ಹತ್ತಿರ ಉಳಿದದ್ದೆಲ್ಲ ನಿನ್ನ ನಂಬರಿನದ್ದಲ್ವಾ? ಯಾರೂ ಮುಟ್ಟಬಾರದು ಅಂತ ದುಗ್ಗಮ್ಮನಿಗೂ ಹೇಳಿಟ್ಟಿದ್ದೇನೆ. ನಿನ್ನ ಓದು ಹಾಳಾಗುದು ಬೇಡ."

ಹಾಳಾದದ್ದು ಅದರಿಂದಲೇ ಎಂದು ಹರಿಣಾಕ್ಷಿ ಹೇಳಲಿಲ್ಲ. ಕಡಿಯದ ಮರವನ್ನು ಅಳೆದು ಕಡಿದ ಮರದ ಪಾಡು ಬರೆಯಲಾಗದು, ಇನ್ನೊಂದು ವರ್ಷ ಬೇಕು ಎಂದರು ಮಾರ್ಗದರ್ಶಕರು. ಜೊತೆಯವರು ಪದವಿ ಪಡೆದು ಹೋದರು. ಹರಿಣಾಕ್ಷಿ ಒಬ್ಬರೇ ಊರಿಗೆ ಬಂದು, ಪ್ರತಿ ಮರದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿಕೊಂಡು, ಅರುವತ್ತು ತಗಡುಗಳನ್ನೂ ಕಿತ್ತರು. ಕೆಲಸ ಮುಗಿಯಿತೆಂದು ಮನೆಯಲ್ಲಿ ಹೇಳಿದರು. ತಾಯಿಗೆ ಅವರು ಹೇಳಿದ ಮೊದಲ ಸುಳ್ಳು ಅದು.

ಮರುವಾರ ಅಕ್ಕು ತುದಿಗೆ ಕತ್ತಿ ಕಟ್ಟಿದ ದೋಟಿ ಹಿಡಿದು, ಮನೆಗೆ ಎಲ್ಲಕ್ಕಿಂತ ಹತ್ತಿರದ ಮರದ ಬುಡದಲ್ಲಿ ನಿಂತರು. ಮೊಳೆಯ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಇನ್ನು ನಿನಗೆ ಬೇಡವಲ್ಲ, ಮಗಾ?"

"ಬೇಡಮ್ಮ. ಕಡಿ."

ಹೂವಿದ್ದ ಗೆಲ್ಲು ಕೆಳಗೆ ಬಿತ್ತು. ಹತ್ತು ಹೆಜ್ಜೆ ಆಚೆ ಹರಿಣಾಕ್ಷಿ ಬೆನ್ನು ತಿರುಗಿಸಿ ನಿಂತು, ಪುಸ್ತಕದಲ್ಲಿ ಬರೆದುಕೊಂಡರು: ಹದಿನೇಳನೆಯದು, ಗೆಲ್ಲು ಒಂದು.