ಹಬ್ಬದ ದಿನದ ಎಕ್ಸ್‌ಟ್ರಾ ಬಸ್ಸು

ಕ್ರಿಸ್‌ಮಸ್ ದಿನ ಬೆಳಿಗ್ಗೆ ಎಂಟೂವರೆಗೆ, ಲಂಡನ್ನಿನ ಹೊರವಲಯದ ಒಂದು ಬಸ್ ಸ್ಟಾಪಿನಲ್ಲಿ, ಭದ್ರಾವತಿ ಜನ್ನಾಪುರದ ಪರಮೇಶ್ವರಪ್ಪನವರು ಫೈರ್ ಎಂಜಿನ್ನಿಗೆ ಕೈ ಅಡ್ಡ ಹಿಡಿದರು.

ತಪ್ಪು ಪೂರ್ತಿ ಅವರದಲ್ಲ. ಮಂಜು ಕವಿದಿತ್ತು, ಕನ್ನಡಕ ಮಂಕಾಗಿತ್ತು, ಬರುತ್ತಿದ್ದ ಗಾಡಿ ಕೆಂಪಗೆ, ಎತ್ತರಕ್ಕೆ ಇತ್ತು. ಮುಕ್ಕಾಲು ಗಂಟೆಯಿಂದ ಕಾದವರ ಕಣ್ಣಿಗೆ ಕೆಂಪಗಿರುವುದೆಲ್ಲ ಬಸ್ಸೇ. ಗಾಡಿ ನಿಂತಿತು. ಅವರು ಹಳೇ ಅಭ್ಯಾಸದಂತೆ ಅದರ ಮೈಗೆ ಎರಡು ಸಲ ಬಡಿದು, ಹೆಂಡತಿಗೆ "ಹತ್ತು, ಹತ್ತು, ಮುಂದೆ ಸೀಟಿದೆ" ಎಂದರು. ಕಿಟಕಿಯಿಂದ ಹೆಲ್ಮೆಟ್ ಹಾಕಿದ ತಲೆಯೊಂದು ಇಣುಕಿ, ಬೆಂಕಿ ಎಲ್ಲಿ ಬಿದ್ದಿದೆ ಎಂದು ಕೇಳಿತು. ಪರಮೇಶ್ವರಪ್ಪನವರು ತಮ್ಮಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ಬೆಂಕಿ ಎಲ್ಲೂ ಇಲ್ಲ, ತಮಗೆ ತಂಗಿಯ ಮನೆಗೆ ಹೋಗಬೇಕಿದೆ ಎಂದು ತಿಳಿಸಿದರು. ಆತ ನಗಲೂ ಇಲ್ಲ, ಬೈಯಲೂ ಇಲ್ಲ. ಇವತ್ತು ಕ್ರಿಸ್‌ಮಸ್, ಈ ಊರಲ್ಲಿ ಬಸ್ಸೂ ಇಲ್ಲ, ರೈಲೂ ಇಲ್ಲ, ನಾಳೆ ನೋಡಿ ಎಂದು ಸಮಾಧಾನವಾಗಿ ಹೇಳಿ, ಹಬ್ಬದ ಶುಭಾಶಯ ಕೋರಿ ಹೊರಟುಹೋದ.

"ಮುಂದೆ ಸೀಟು ಇತ್ತು ನೋಡಿ," ಎಂದರು ಶಕುಂತಲಮ್ಮ.

ಪರಮೇಶ್ವರಪ್ಪನವರು ಸ್ಟಾಪಿನ ಕಂಬಕ್ಕೆ ಅಂಟಿಸಿದ್ದ ವೇಳಾಪಟ್ಟಿಯ ಹತ್ತಿರ ಹೋಗಿ ಕನ್ನಡಕ ಒರೆಸಿಕೊಂಡು ಓದಿದರು. ಡಿಸೆಂಬರ್ ಇಪ್ಪತ್ತೈದರ ಎದುರಿಗೆ ಸಂಚಾರವಿಲ್ಲ ಎಂದು ಚೊಕ್ಕವಾಗಿ ಅಚ್ಚಾಗಿತ್ತು. ಅವರ ಕಾಲು ತಣ್ಣಗಾಯಿತು. ಮೊದಲೇ ತಣ್ಣಗಿತ್ತು, ಇನ್ನಷ್ಟು ಆಯಿತು.

ಅವರು ಬಸ್ಸಿನ ಬಗ್ಗೆ ಏನೂ ತಿಳಿಯದವರಾಗಿದ್ದರೆ ಮಾತು ಬೇರೆ. ಕಂಡಕ್ಟರ್ ಆಗಿ ಸೇರಿ, ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು ಎಂದು ಸೀಟಿ ಊದುವ ಹುದ್ದೆ ಅದು. ಯುಗಾದಿ, ಗಣಪತಿ ಹಬ್ಬ, ದೀಪಾವಳಿ ಬಂದರೆ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಹೂವು ಹಣ್ಣು ಹೊತ್ತ ಜನವೆಲ್ಲ ಅಲ್ಲಿಂದ ನೇರ ನಿಲ್ದಾಣಕ್ಕೆ ನುಗ್ಗುತ್ತಿತ್ತು, ಪರಮೇಶ್ವರಪ್ಪನವರು ಡಿಪೋಗೆ ಫೋನ್ ಮಾಡಿ ಎಕ್ಸ್‌ಟ್ರಾ ಬಸ್ಸು ತರಿಸುತ್ತಿದ್ದರು. ಹಬ್ಬ ಎಂದರೆ ಎಕ್ಸ್‌ಟ್ರಾ ಬಸ್ಸು. ನಮ್ಮ ಶಿವಮೊಗ್ಗವೇ ದೀಪಾವಳಿಗೆ ನಲವತ್ತು ಬಿಡುವಾಗ, ಲಂಡನ್ನಿನಂಥ ಊರು ಕ್ರಿಸ್‌ಮಸ್ಸಿಗೆ ಎಷ್ಟು ಬಿಡಬಹುದು ಎಂದು ಅವರು ವಿಮಾನದಲ್ಲಿ ಕೂತು ಅಂದಾಜು ಬೇರೆ ಮಾಡಿದ್ದರು. ಹಬ್ಬದ ದಿನ ಡ್ರೈವರಿಗೂ ಮನೆಯಲ್ಲಿ ಹಬ್ಬ ಇರುತ್ತದೆ ಎಂಬುದು ಅವರ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಪದ್ಮಂಗೆ ಫೋನ್ ಮಾಡ್ರೀ," ಎಂದರು ಶಕುಂತಲಮ್ಮ. "ಒಂದು ಗಂಟೆಗೆ ಊಟ ಅಂದಿದಾಳೆ. ಅವಳ ಯಜಮಾನ್ರು ಕಾರ್ ತಗೊಂಡು ಬರ್ತಾರೆ."

"ಏನಂತ ಹೇಳ್ಲಿ?"

"ಬಸ್ ಸಿಗಲಿಲ್ಲ ಅಂತ ಹೇಳಿ."

ಹೇಳಿದ ಮೇಲೆ ಶಕುಂತಲಮ್ಮನವರೇ ಬಾಯಿ ಮುಚ್ಚಿಕೊಂಡರು.

ಇಪ್ಪತ್ತಾರು ವರ್ಷದ ಹಿಂದೆ ಪರಮೇಶ್ವರಪ್ಪನವರು ಹೇಳಿದ್ದೂ ಅದನ್ನೇ. ತಂಗಿ ಪದ್ಮಾ ನರ್ಸ್ ಆಗಿದ್ದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಆರೋಗ್ಯಸ್ವಾಮಿ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಒಳ್ಳೆಯವನು ಎಂದು ಎಲ್ಲರಿಗೂ ಗೊತ್ತಿತ್ತು. ಕ್ರೈಸ್ತ ಎಂದೂ ಗೊತ್ತಿತ್ತು. ಆ ಮದುವೆಗೆ ಹೋದವರು ನನ್ನ ಮನೆ ಹೊಸಲು ತುಳಿಯಬೇಡಿ ಎಂದರು ಅಪ್ಪ. ಪರಮೇಶ್ವರಪ್ಪನವರು ಹೋಗಬಾರದು ಅಂದುಕೊಳ್ಳಲಿಲ್ಲ, ಹೋಗಬೇಕು ಅಂತಲೂ ಅಂದುಕೊಳ್ಳಲಿಲ್ಲ. ಭದ್ರಾವತಿಯಲ್ಲಿ ಮದುವೆ ನಡೆಯುವ ದಿನ ಎಂದಿನಂತೆ ಶಿವಮೊಗ್ಗಕ್ಕೆ ಡ್ಯೂಟಿಗೆ ಹೋದರು. ಆ ದಿನ ಎರಡು ಸಲ ಭದ್ರಾವತಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಎರಡು ಸಲವೂ ಇಳಿದು, ಸೀಟಿ ಊದಿ ಬಸ್ಸನ್ನು ಕಳಿಸಿದರು. ಸಂಜೆ ನಿಲ್ದಾಣದ ಆಫೀಸಿಗೆ ಪದ್ಮಾಳ ಫೋನ್ ಬಂತು.

"ಅಣ್ಣ, ಯಾಕೆ ಬರಲಿಲ್ಲ?"

"ಬಸ್ ಸಿಗಲಿಲ್ಲ."

ಶಿವಮೊಗ್ಗದಿಂದ ಭದ್ರಾವತಿಗೆ ಹತ್ತು ನಿಮಿಷಕ್ಕೊಂದು ಬಸ್ಸು. ಅವರು ಮಾತು ಮುಗಿಸುವ ಮೊದಲೇ ಹಿಂದಿನಿಂದ ಮೈಕು "ಭದ್ರಾವತಿಗೆ ಹೋಗುವ ಬಸ್ಸು ನಿಲ್ದಾಣದಲ್ಲಿ ಸಿದ್ಧವಾಗಿದೆ" ಎಂದು ಕೂಗಿತು. ಅದು ಅವಳಿಗೂ ಕೇಳಿಸಿತು. ಅವಳು "ಆಯ್ತಣ್ಣ" ಎಂದು ಫೋನ್ ಇಟ್ಟಳು.

ಮೂರು ವರ್ಷದ ಮೇಲೆ ಗಂಡ ಹೆಂಡತಿ ಲಂಡನ್ನಿಗೆ ಹೋದರು. ಆಮೇಲೆ ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಜನ್ನಾಪುರದ ಮನೆಗೆ ಒಂದು ಕಾರ್ಡು ಬರುತ್ತಿತ್ತು. ಮೇಲೆ ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಚಿತ್ರ. ಒಳಗೆ ಒಂದೇ ಸಾಲು: "ಇಲ್ಲಿ ಬಸ್ಸು ಬೇಕಾದಷ್ಟಿವೆ, ಅಣ್ಣ." ಕುಟುಕು ಎಲ್ಲರಿಗೂ ಅರ್ಥವಾಗುತ್ತಿತ್ತು. ಪರಮೇಶ್ವರಪ್ಪನವರೊಬ್ಬರು ಮಾತ್ರ ಅದರಿಂದ ಮಾಹಿತಿಯನ್ನಷ್ಟೇ ತೆಗೆದುಕೊಂಡರು.

ಅಪ್ಪ ತೀರಿಕೊಂಡರು. ಗಾಂಧಿ ಬಜಾರಿನ ಟ್ರಾವೆಲ್ಸ್ ಧರ್ಮೇಂದ್ರ ನಿವೃತ್ತ ನೌಕರರಿಗಾಗಿ ಯುರೋಪ್ ಪ್ರವಾಸ ಹಾಕಿದ. ಮೊದಲು ಹೆಸರು ಬರೆಸಿದವರು ಪರಮೇಶ್ವರಪ್ಪ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ವಿಮಾನ ಹತ್ತುವಾಗ ಶಕುಂತಲಮ್ಮನವರ ಕೈಚೀಲದಲ್ಲಿ ಮಡಿಲಕ್ಕಿ ಇತ್ತು. ತವರಿನವರು ಮನೆಮಗಳ ಮಡಿಲಿಗೆ ತುಂಬುವ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಅಡಿಕೆ, ಕುಪ್ಪಸದ ಬಟ್ಟೆ, ಹಸಿರು ಬಳೆ. ಇಪ್ಪತ್ತಾರು ವರ್ಷದಿಂದ ಬಾಕಿ ಉಳಿದದ್ದು. ಪ್ರವಾಸದಲ್ಲಿ ಬಿಡುವು ಇದ್ದದ್ದು ಇಪ್ಪತ್ತೈದನೇ ತಾರೀಖು ಒಂದೇ. ಮರುದಿನ ಬೆಳಿಗ್ಗೆ ಪ್ಯಾರಿಸ್ಸಿಗೆ ಹೊರಡಬೇಕು.

ಮೊನ್ನೆ ಹೋಟೆಲಿನಿಂದ ಫೋನ್ ಮಾಡಿದಾಗ ಪದ್ಮಾ, "ಇವರು ಕಾರ್ ತರ್ತಾರೆ ಅಣ್ಣ, ನೀವು ರೆಡಿಯಾಗಿರಿ" ಎಂದಿದ್ದಳು. ಇಷ್ಟು ವರ್ಷ ಮುಖ ನೋಡದ ತಂಗಿಯ ಗಂಡನ ಕಾರಿನಲ್ಲಿ ಕೂತು ಏನು ಮಾತಾಡುವುದೋ ಎಂದು ಪರಮೇಶ್ವರಪ್ಪನವರಿಗೆ ದಿಗಿಲಾಯಿತು. "ಅವರಿಗ್ಯಾಕೆ ತೊಂದರೆ ಮಾರಾಯ್ತಿ. ಹಬ್ಬದ ದಿನ ಎಕ್ಸ್‌ಟ್ರಾ ಬಿಟ್ಟಿರ್ತಾರೆ. ಬಸ್ಸಲ್ಲೇ ಬರ್ತೀವಿ" ಎಂದರು. ಆ ಕಡೆ ತುಂಬಾ ಹೊತ್ತು ಮಾತಿರಲಿಲ್ಲ. ಆಮೇಲೆ "ಆಯ್ತಣ್ಣ" ಎಂದಳು.

ಈಗ, ಸಂಚಾರವಿಲ್ಲದ ಸ್ಟಾಪಿನಲ್ಲಿ ನಿಂತಾಗ, ಆ ಮೌನದ ಅರ್ಥ ಅವರಿಗೆ ಹೊಳೆಯಿತು. ಬಸ್ಸಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಣ್ಣ ವರ್ಷದಲ್ಲಿ ಬಸ್ಸೇ ಇಲ್ಲದ ಒಂದೇ ಒಂದು ದಿನವನ್ನು ಹುಡುಕಿ ತೆಗೆದು, ಬಸ್ಸಲ್ಲಿ ಬರ್ತೀನಿ ಎಂದಿದ್ದಾನೆ ಅಂತ ತಿಳಿದಿದ್ದಾಳೆ.

"ಇನ್ನೊಂದು ಸಲ ಬಸ್ ಸಿಗಲಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಶಕುಂತಲಾ," ಎಂದರು.

ಹೋಟೆಲಿಗೆ ಓಡಿದರು. ಕೌಂಟರಿನ ಹುಡುಗಿ ಮೂರು ಕಡೆ ಟ್ಯಾಕ್ಸಿಗೆ ಫೋನ್ ಮಾಡಿದಳು. ಸಂಜೆ ಐದರವರೆಗೆ ಯಾವುದೂ ಇಲ್ಲ. ಹಜಾರದಲ್ಲಿ ಪ್ರವಾಸದ ತಂಡದವರು ಧರ್ಮೇಂದ್ರ ತಂದಿದ್ದ ಪುಳಿಯೋಗರೆ ತಿನ್ನುತ್ತ, ಕ್ರಿಸ್‌ಮಸ್ ಮರದ ಮುಂದೆ ಒಬ್ಬೊಬ್ಬರಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. "ಬನ್ನಿ ಸಾರ್, ಹಬ್ಬ ಎಂಜಾಯ್ ಮಾಡಿ" ಎಂದ ಧರ್ಮೇಂದ್ರ. ಪರಮೇಶ್ವರಪ್ಪನವರು ಆ ಹುಡುಗಿಯನ್ನು ದೂರ ಎಷ್ಟು ಎಂದು ಕೇಳಿದರು. ಹನ್ನೊಂದು ಮೈಲಿ ಎಂದು ಹೇಳಿ, ಕಾಗದದ ಮೇಲೆ ದಾರಿ ಬರೆದುಕೊಟ್ಟಳು.

ಹನ್ನೊಂದು ಮೈಲಿ ಎಂದರೆ ಹದಿನೆಂಟು ಕಿಲೋಮೀಟರ್. ಕಂಟ್ರೋಲರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಇರುವಷ್ಟೇ ದೂರ.

"ನೀನು ಇಲ್ಲೇ ಇರು. ನಿನ್ನ ಮಂಡಿ ನೋವು..."

"ಮಡಿಲಕ್ಕಿ ನೀವು ತುಂಬ್ತೀರಾ?" ಎಂದು ಶಕುಂತಲಮ್ಮ ಸೀರೆಯ ಕೆಳಗೆ ಗಂಡನ ಇನ್ನೊಂದು ಜೊತೆ ಶೂ ಹಾಕಿಕೊಂಡು ಹೊರಟೇಬಿಟ್ಟರು.

ಲಂಡನ್ನಿನ ಕ್ರಿಸ್‌ಮಸ್ಸನ್ನು ಅವರಷ್ಟು ಹತ್ತಿರದಿಂದ ಯಾವ ಪ್ರವಾಸಿಯೂ ನೋಡಿರಲಾರ. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ದೀಪದ ಸರಗಳು ಮಾತ್ರ ಯಾರಿಗೋ ಎಂಬಂತೆ ಮಿನುಗುತ್ತಿವೆ. ಕಿಟಕಿಗಳ ಒಳಗೆ ಬಣ್ಣದ ಕಾಗದದ ಕಿರೀಟ ಇಟ್ಟುಕೊಂಡು ಜನ ಊಟಕ್ಕೆ ಕೂರುತ್ತಿದ್ದಾರೆ. ನಾಯಿ ಹಿಡಿದ ಮುದುಕಿಯೊಬ್ಬಳು ಹ್ಯಾಪಿ ಕ್ರಿಸ್‌ಮಸ್ ಎಂದಳು. "ಸೇಮ್ ಟು ಯು" ಎಂದು ಮಂಕಿ ಕ್ಯಾಪಿನೊಳಗಿಂದ ಹೇಳಿ, ನಿಲ್ಲದೆ ನಡೆದರು. ಒಂದೊಂದು ಖಾಲಿ ಸ್ಟಾಪು ಬಂದಾಗಲೂ ಪರಮೇಶ್ವರಪ್ಪನವರು ಶಿವಮೊಗ್ಗ-ಭದ್ರಾವತಿ ದಾರಿಯ ಊರುಗಳ ಹೆಸರು ಹೇಳಿ ಹೆಂಡತಿಗೆ ಧೈರ್ಯ ತುಂಬಿದರು. "ನಿದಿಗೆ ಬಂತು ಅಂದ್ಕೋ." ಇನ್ನೊಂದು ಗಂಟೆಯ ಮೇಲೆ, "ಮಾಚೇನಹಳ್ಳಿ."

ಹನ್ನೆರಡೂವರೆಗೆ ಮಳೆ ಹನಿಯಿತು. ಕಾಗದದ ಮೇಲಿನ ದಾರಿ ಅಳಿಸಿಹೋಯಿತು. ತಪ್ಪು ತಿರುವು ಹಿಡಿದು ಅರ್ಧ ಗಂಟೆ ಸುಮ್ಮನೆ ಸುತ್ತಿ, ಕೊನೆಗೆ ಬಸ್ ಸ್ಟಾಪುಗಳ ಮೇಲಿನ ಹೆಸರು ನೋಡಿಕೊಂಡು ಸರಿದಾರಿಗೆ ಬಂದರು. ಒಂದು ಗಂಟೆ ಹೊಡೆಯಿತು. ಎಲ್ಲೋ ಚರ್ಚಿನ ಗಂಟೆ ಅದನ್ನು ಊರಿಗೆಲ್ಲ ಸಾರಿತು. ಶಕುಂತಲಮ್ಮ ಒಂದು ಸ್ಟಾಪಿನ ಬೆಂಚಿನ ಮೇಲೆ ಕುಸಿದು ಕೂತರು.

"ಇನ್ನು ನನ್ನ ಕೈಲಾಗಲ್ಲ ರೀ. ಅವರ ಊಟ ಮುಗಿದಿರತ್ತೆ. ಬರಲಿಲ್ಲ ಅಂತ ಗೊತ್ತಾಗಿರತ್ತೆ."

ಪರಮೇಶ್ವರಪ್ಪನವರು ಅವರ ಪಕ್ಕ ಕೂರಲಿಲ್ಲ. ಕೂತರೆ ಏಳುವ ನಂಬಿಕೆ ಇರಲಿಲ್ಲ. ಹಿಮ್ಮಡಿಯ ಗುಳ್ಳೆ ಒಡೆದು ಕಾಲುಚೀಲ ಒದ್ದೆಯಾಗಿತ್ತು. ಫೋನ್ ತೆಗೆದು ತಂಗಿಯ ಹೆಸರಿನವರೆಗೆ ಹೋದರು, ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ಇಟ್ಟುಕೊಂಡರು. ಆಮೇಲೆ ಯಾರೂ ಇಲ್ಲದ ಆ ರಸ್ತೆಯಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಅಳು ಬಂದ ಮುಖವನ್ನು ವೇಳಾಪಟ್ಟಿಯ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಅದನ್ನು ಓದುವಂತೆ ನಿಂತರು.

ಶಕುಂತಲಮ್ಮ ಅದನ್ನು ನೋಡಿದರು. ಬೆಂಚಿನ ಕಂಬ ಹಿಡಿದು ಎದ್ದರು. "ನಡೀರಿ. ಮಾಚೇನಹಳ್ಳಿ ಆಯ್ತಲ್ಲ. ಮುಂದೆ ಭದ್ರಾವತಿ ತಾನೇ."

ಪದ್ಮಾಳ ಮನೆ ಬಾಗಿಲು ತಟ್ಟಿದಾಗ ಮೂರು ಗಂಟೆ ದಾಟಿತ್ತು, ಬೆಳಕು ಇಳಿಯುತ್ತಿತ್ತು. ಬಾಗಿಲು ತೆರೆದದ್ದು ಅವಳೇ. ತಲೆಯ ಮೇಲೆ ಹಳದಿ ಕಾಗದದ ಕಿರೀಟ, ಅದರ ಕೆಳಗೆ ನರೆತ ಕೂದಲು, ಅತ್ತು ಕೆಂಪಾದ ಕಣ್ಣು. ಅವಳ ಹಿಂದೆ ಮೇಜಿನ ಮೇಲೆ ಎಲ್ಲ ತಟ್ಟೆಗಳನ್ನೂ ತೆಗೆದಾಗಿತ್ತು. ಎರಡು ಮಾತ್ರ ಬೋರಲು ಹಾಕಿದಂತೆಯೇ ಇದ್ದವು. ಅವಳು ಅಣ್ಣನ ಮುಖ ನೋಡಿದಳು. ಅತ್ತಿಗೆಯ ಸೀರೆಯಂಚಿಗೆ ಮೆತ್ತಿದ ಕೆಸರು ನೋಡಿದಳು, ಅಪ್ಪಿ ಹಿಡಿದ ಚೀಲದಿಂದ ಇಣುಕುತ್ತಿದ್ದ ತೆಂಗಿನಕಾಯಿಯ ಜುಟ್ಟು ನೋಡಿದಳು. ಆಮೇಲೆ ಅವಳ ಹಿಂದೆ ಬಂದು ನಿಂತ ಆರೋಗ್ಯಸ್ವಾಮಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು. ಗಾಡಿಯ ಸುಳಿವಿರಲಿಲ್ಲ.

"ಅಣ್ಣ," ಎಂದಳು ಪದ್ಮಾ. "ಹೇಗೆ ಬಂದೆ?"

ಪರಮೇಶ್ವರಪ್ಪನವರು ಮಂಕಿ ಕ್ಯಾಪು ತೆಗೆದು ನೀರು ಕೊಡವಿದರು.

"ಬಸ್ಸಲ್ಲೇ. ಹಬ್ಬ ನೋಡು, ರಷ್ಷು. ಸೀಟು ಸಿಗಲಿಲ್ಲ, ನಿಂತ್ಕೊಂಡೇ ಬಂದ್ವಿ."